ವಯಸ್ಸಾದವರ ಅಕ್ಷಿಪಟಲ: ಸೂಜಿ ಚುಚ್ಚದ ಚಿತ್ರಪರೀಕ್ಷೆಗಳಲ್ಲಿ ಯಾವುದನ್ನು, ಯಾವಾಗ ಆರಿಸಬೇಕು?

ಅರವತ್ತು ದಾಟಿದವರ ದೃಷ್ಟಿ ಮಂಕಾದಾಗ ಮನೆಯವರು ಮೊದಲು ನೆನೆಯುವುದು ಕಣ್ಣಿನ ಪೊರೆಯನ್ನು. ಪೊರೆ ತೆಗೆಸಿದ ಮೇಲೂ ಓದುವಾಗ ಪದದ ನಡುವಿನ ಅಕ್ಷರಗಳು ಮಾಯವಾಗುತ್ತಿದ್ದರೆ, ನೇರವಾಗಿರುವ ಬಾಗಿಲಿನ ಚೌಕಟ್ಟು ಸೊಟ್ಟಗೆ ಕಾಣುತ್ತಿದ್ದರೆ, ದೋಷ ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ ಇರಬಹುದೆಂದು ಅನುಮಾನಿಸಬೇಕು. ಅಲ್ಲಿಂದ ಮುಂದೆ ಫಂಡಸ್ (ಕಣ್ಣಿನ ಒಳಗಿನ ಹಿಂಭಾಗದ) ಫೋಟೊ, ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ), ಓಸಿಟಿ ಆಂಜಿಯೋಗ್ರಫಿ, ಆಟೊಫ್ಲೋರೆಸೆನ್ಸ್, ಬಿ-ಸ್ಕ್ಯಾನ್ ಎಂದು ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ಸೂಜಿ ಬೇಕಿಲ್ಲ, ಎಕ್ಸ್-ರೇ ವಿಕಿರಣದ ಭಯವಿಲ್ಲ. ಬೆಳಕು ಅಥವಾ ಶಬ್ದದ ಅಲೆಗಳಷ್ಟೇ ಕೆಲಸ ಮಾಡುತ್ತವೆ. ಆದರೂ ಇವು ಒಂದರ ಬದಲಿಗೆ ಇನ್ನೊಂದನ್ನು ಬಳಸಬಹುದಾದ ಪರೀಕ್ಷೆಗಳಲ್ಲ. ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ, ಮತ್ತು ಪ್ರಶ್ನೆ ಸ್ಪಷ್ಟವಾಗದೆ ಯಂತ್ರದ ಮುಂದೆ ಕೂತರೆ ಎಷ್ಟೇ ಹೊಸ ಯಂತ್ರವಾದರೂ ಬೇಕಾದ ಉತ್ತರ ಸಿಗುವುದಿಲ್ಲ. ಹಾಗಾಗಿ ಈ ಬರಹದುದ್ದಕ್ಕೂ ಪ್ರತಿ ಪರೀಕ್ಷೆಯ ಬಗ್ಗೆ ನಾನು ಕೇಳುವುದು ಇಷ್ಟೇ: ಇದು ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು, ಮತ್ತು ವಯಸ್ಸಾದ ಕಣ್ಣಿನಲ್ಲಿ ಎಲ್ಲಿ ಎಡವುತ್ತದೆ.

ಬಣ್ಣದ ಫೋಟೊ ಮತ್ತು ಅಗಲ ನೋಟದ ಚಿತ್ರ

ಇವುಗಳಲ್ಲಿ ಅತಿ ಹಳೆಯದು ಬಣ್ಣದ ಫಂಡಸ್ ಫೋಟೊ. ಮಾರುಕಟ್ಟೆಗೆ ಮೊದಲ ಫಂಡಸ್ ಕ್ಯಾಮೆರಾ ಬಂದದ್ದು 1926ರಲ್ಲಿ, ಜರ್ಮನಿಯ ಕಾರ್ಲ್ ಜೈಸ್ ಸಂಸ್ಥೆಯಿಂದ. ಇಂದಿನ ಸಾಮಾನ್ಯ ಕ್ಯಾಮೆರಾ ಒಂದು ಸಲಕ್ಕೆ 30ರಿಂದ 50 ಡಿಗ್ರಿಯಷ್ಟು ಭಾಗವನ್ನು ಸೆರೆಹಿಡಿಯುತ್ತದೆ. ಆ ಭಾಗದಲ್ಲೇ ದೃಷ್ಟಿನರದ ತುದಿ, ಓದಲು ಮುಖ ಗುರುತಿಸಲು ಬೇಕಾದ ನೇರ ನೋಟವನ್ನು ಕೊಡುವ ನಡುಭಾಗವಾದ ಮ್ಯಾಕ್ಯುಲಾ, ದೊಡ್ಡ ರಕ್ತನಾಳಗಳು ಬರುವುದರಿಂದ ರಕ್ತಸ್ರಾವದ ಚುಕ್ಕೆಗಳು, ಕೊಬ್ಬಿನ ಹಳದಿ ಕಲೆಗಳು, ಮ್ಯಾಕ್ಯುಲಾ ಸವೆತದ ಮೊದಲ ಗುರುತಾಗಿ ಅಕ್ಷಿಪಟಲದ ಅಡಿಯಲ್ಲಿ ಕೂಡುವ ಕಶ್ಮಲದ ಚುಕ್ಕೆಗಳಾದ ಡ್ರೂಸೆನ್‌ಗಳು ಚೆನ್ನಾಗಿ ಕಾಣುತ್ತವೆ. ಡ್ರೂಸೆನ್‌ಗಳ ಗಾತ್ರದ ಮೇಲೆ ರೋಗದ ಹಂತವನ್ನು ನಿರ್ಧರಿಸುವ ಪದ್ಧತಿಯೂ ಇಂಥ ಫೋಟೊಗಳಿಂದಲೇ ಬೆಳೆದದ್ದು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ): 63 ಮೈಕ್ರಾನ್‌ಗಿಂತ ಸಣ್ಣವು ವಯೋಸಹಜವಾದವು, 63ರಿಂದ 125 ಮೈಕ್ರಾನ್‌ವರೆಗಿನವು ಆರಂಭಿಕ ಹಂತದವು, 125 ಮೈಕ್ರಾನ್‌ಗಿಂತ ದೊಡ್ಡವು ಮಧ್ಯಮ ಹಂತದವು. ದೃಷ್ಟಿನರದ ಅಂಚಿನಲ್ಲಿ ದೊಡ್ಡ ಅಭಿಧಮನಿಯ ಅಗಲ ಸುಮಾರು 125 ಮೈಕ್ರಾನ್ ಇರುವುದರಿಂದ, ಪಳಗಿದ ವೈದ್ಯರು ಆ ನಾಳವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಕಣ್ಣಳತೆಯಲ್ಲೇ ಹಂತವನ್ನು ಹೇಳಬಲ್ಲರು.

ಈ ಫೋಟೊದ ದೊಡ್ಡ ಕೊರತೆ ಎಂದರೆ ಅದು ಚಪ್ಪಟೆ. ಅಕ್ಷಿಪಟಲ ಊದಿಕೊಂಡಿದೆಯೇ, ಅದರ ಅಡಿಯಲ್ಲಿ ನೀರು ನಿಂತಿದೆಯೇ ಎಂಬುದನ್ನು ಒಂಟಿ ಫೋಟೊ ನೋಡಿ ಖಚಿತವಾಗಿ ಹೇಳಲಾಗದು. ಪೊರೆಯಿರುವ ಕಣ್ಣಿನಲ್ಲಿ ಚಿತ್ರ ಮಸುಕಾಗಿ ಹಳದಿಗೆ ತಿರುಗುತ್ತದೆ. ವಯಸ್ಸಿನೊಂದಿಗೆ ಕಿರಿದಾಗುವ ಪಾಪೆ ಚಿತ್ರದ ಅಂಚುಗಳಲ್ಲಿ ನೆರಳು ಬೀಳಿಸುತ್ತದೆ. ಹೀಗಿದ್ದರೂ ಸಕ್ಕರೆ ಕಾಯಿಲೆಯವರ ವಾರ್ಷಿಕ ತಪಾಸಣೆಗೆ, ಹಿಂದಿನ ವರ್ಷದ ಸ್ಥಿತಿಯೊಂದಿಗೆ ಈ ವರ್ಷದ್ದನ್ನು ತಾಳೆ ನೋಡುವುದಕ್ಕೆ ಇದೇ ಮೊದಲ ಆಯ್ಕೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇಂಥ ಫೋಟೊಗಳನ್ನು ವೈದ್ಯರ ನೆರವಿಲ್ಲದೆ ತಾನೇ ಓದಿ ಫಲಿತಾಂಶ ಹೇಳುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮೊದಲ ಬಾರಿ ಅನುಮತಿ ಕೊಟ್ಟದ್ದು 2018ರಲ್ಲಿ. ಆ ವ್ಯವಸ್ಥೆ ಹುಡುಕುವುದು ಮಧುಮೇಹದಿಂದ ಅಕ್ಷಿಪಟಲಕ್ಕಾದ ಹಾನಿಯನ್ನು ಮಾತ್ರ. ‘ತೊಂದರೆ ಇಲ್ಲ’ ಎಂಬ ಫಲಿತಾಂಶ ಬಂದರೆ ಮ್ಯಾಕ್ಯುಲಾ ಸವೆತವಾಗಲಿ ಗ್ಲಾಕೋಮಾ ಆಗಲಿ ಇಲ್ಲ ಎಂದು ಅರ್ಥವಲ್ಲ, ಮತ್ತು ಈ ಮಾತನ್ನು ಹಿರಿಯರಿಗೂ ಅವರನ್ನು ಕರೆತಂದವರಿಗೂ ಬಿಡಿಸಿ ಹೇಳುವುದು ಅತ್ಯಗತ್ಯ.

ಅಗಲ ನೋಟದ ಯಂತ್ರಗಳು ಲೇಸರ್ ಬೆಳಕನ್ನು ಅಕ್ಷಿಪಟಲದ ಮೇಲೆ ಹಾಯಿಸಿ ಒಂದೇ ಸಲಕ್ಕೆ 200 ಡಿಗ್ರಿಯಷ್ಟು, ಅಂದರೆ ಅಕ್ಷಿಪಟಲದ ಸುಮಾರು ಶೇಕಡ 82 ಭಾಗವನ್ನು ತೋರಿಸುತ್ತವೆ. ಸಾಮಾನ್ಯ ಫೋಟೊದ ಚೌಕಟ್ಟಿಗೆ ಬಾರದ ಅಂಚಿನ ರಕ್ತಸ್ರಾವ, ರಕ್ತ ಹರಿಯದೆ ಒಣಗಿದ ಜಾಗ, ಹೊಸದಾಗಿ ಮೊಳೆತ ದುರ್ಬಲ ನಾಳಗಳು ಇದರಲ್ಲಿ ಸಿಗುವುದರಿಂದ ಮಧುಮೇಹದವರಿಗೂ ಅಭಿಧಮನಿ ಕಟ್ಟಿಕೊಂಡವರಿಗೂ ಇದು ಹೆಚ್ಚು ಉಪಯುಕ್ತ. ಆದರೆ ಇಲ್ಲಿನ ಬಣ್ಣ ಕೆಂಪು ಮತ್ತು ಹಸಿರು ಲೇಸರ್‌ಗಳಿಂದ ಜೋಡಿಸಿದ್ದೇ ಹೊರತು ಕಣ್ಣಿನ ನಿಜವಾದ ಬಣ್ಣವಲ್ಲ. ಅಂಚಿನ ಭಾಗ ಹಿಗ್ಗಿದಂತೆ ಕಾಣುತ್ತದೆ. ಮೇಲೆ ಕೆಳಗೆ ರೆಪ್ಪೆಗೂದಲು ಅಡ್ಡ ಬರುತ್ತದೆ. ಕಣ್ಣೆದುರು ಹಠಾತ್ತನೆ ಮಿಂಚು ಹೊಳೆದು ಕಪ್ಪು ಚುಕ್ಕೆಗಳು ತೇಲತೊಡಗಿದವರಿಗೆ ‘ಅಗಲ ಚಿತ್ರ ಚೆನ್ನಾಗಿದೆ’ ಎಂದು ಹೇಳಿ ಕಳಿಸುವುದು ತಪ್ಪು. ಅಕ್ಷಿಪಟಲ ಹರಿದ ಜಾಗ ಬಹಳ ಸಲ ಈ ಚಿತ್ರ ಮುಟ್ಟದ ತೀರಾ ಅಂಚಿನಲ್ಲಿ ಇರುತ್ತದೆ. ಪಾಪೆ ಹಿಗ್ಗಿಸಿ, ಕಣ್ಣಿನ ಬಿಳಿಭಾಗವನ್ನು ಹೊರಗಿನಿಂದ ಮೆಲ್ಲಗೆ ಒತ್ತಿ ನೋಡುವ ವೈದ್ಯರ ಪರೀಕ್ಷೆಗೆ ಅಲ್ಲಿ ಬದಲಿ ಇಲ್ಲ, ಮತ್ತು ಅದನ್ನು ತಡಮಾಡದೆ ಮಾಡಿಸಬೇಕು.

ಓಸಿಟಿ: ಪದರಗಳನ್ನು ಬಿಡಿಸಿ ತೋರಿಸುವ ಪರೀಕ್ಷೆ

ಹಿರಿಯರ ಅಕ್ಷಿಪಟಲದ ಕಾಯಿಲೆಗಳಲ್ಲಿ ಒಂದೇ ಒಂದು ಚಿತ್ರಪರೀಕ್ಷೆಯನ್ನು ಆರಿಸಿಕೊಳ್ಳಬೇಕಾಗಿ ಬಂದರೆ ನಾನು ಆರಿಸುವುದು ಓಸಿಟಿಯನ್ನೇ. ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಈ ತಂತ್ರ ಬೆಳಕನ್ನು ಕಣ್ಣಿನೊಳಗೆ ಕಳುಹಿಸಿ, ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂಬುದನ್ನು ಇನ್ನೊಂದು ಕಿರಣದೊಂದಿಗೆ ಬೆರೆಸಿ ಅಳೆಯುತ್ತದೆ. ಬಾವಿ ತೋಡಿದಾಗ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುವಂತೆ, ಕಾಲು ಮಿಲಿಮೀಟರಿನಷ್ಟು ದಪ್ಪದ ಅಕ್ಷಿಪಟಲದ ಪದರಗಳು ಪರದೆಯ ಮೇಲೆ ಒಂದರ ಕೆಳಗೊಂದು ಮೂಡುತ್ತವೆ. ಮೊದಲ ತಲೆಮಾರಿನ ಯಂತ್ರಗಳು ಸೆಕೆಂಡಿಗೆ ಹೆಚ್ಚೆಂದರೆ 400 ಗೆರೆಗಳನ್ನು ಓದುತ್ತಿದ್ದವು. ಈಗ ಎಲ್ಲೆಡೆ ಬಳಕೆಯಲ್ಲಿರುವ ಸ್ಪೆಕ್ಟ್ರಲ್ ಡೊಮೇನ್ ಯಂತ್ರಗಳು ಹತ್ತಾರು ಸಾವಿರ ಗೆರೆಗಳನ್ನು ಓದುತ್ತವೆ, ಮತ್ತು 5ರಿಂದ 7 ಮೈಕ್ರಾನ್‌ನಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಬೇರ್ಪಡಿಸಿ ತೋರಿಸುತ್ತವೆ.

ನೀರು ಸೋರುವ ಬಗೆಯ ಮ್ಯಾಕ್ಯುಲಾ ಸವೆತದಲ್ಲಿ ಇದರ ಬೆಲೆ ಪೂರ್ತಿಯಾಗಿ ತಿಳಿಯುತ್ತದೆ. ಆರೋಗ್ಯವಂತ ಕಣ್ಣಿನ ಅಡ್ಡಸೀಳಿಕೆಯಲ್ಲಿ ಮ್ಯಾಕ್ಯುಲಾದ ನಟ್ಟನಡುವೆ ನುಣುಪಾದ ತಗ್ಗು ಇರುತ್ತದೆ, ಅದರ ಅಡಿಯಲ್ಲಿ ವರ್ಣಕೋಶಗಳ ಹೊಳೆಯುವ ಪಟ್ಟಿ ಮುರಿಯದೆ ಸಾಗುತ್ತದೆ. ರೋಗವಿರುವ ಕಣ್ಣಿನಲ್ಲಿ ಆ ಪಟ್ಟಿ ಅಲ್ಲಲ್ಲಿ ಗುಮ್ಮಟದಂತೆ ಎದ್ದಿರುತ್ತದೆ. ಅದರ ಮೇಲೆ ಅಕ್ಷಿಪಟಲ ಮೇಲೆದ್ದು ನಡುವೆ ಕಪ್ಪಾದ ತೆಳು ಸಂದು ಉಳಿದಿದ್ದರೆ ಅದು ಅಡಿಯಲ್ಲಿ ನಿಂತ ದ್ರವ. ಪದರಗಳ ಒಳಗೇ ದುಂಡಗಿನ ಕಪ್ಪು ಗುಳ್ಳೆಗಳಿದ್ದರೆ ಅದು ಒಳಗೆ ಸೇರಿದ ದ್ರವ. ಕಣ್ಣಿಗೆ ಚುಚ್ಚುಮದ್ದು ಬೇಕೇ, ಮುಂದಿನ ಸರದಿಯನ್ನು ಮುಂದೂಡಬಹುದೇ ಎಂಬ ತೀರ್ಮಾನ ಇಂದು ಬಹುಮಟ್ಟಿಗೆ ಈ ಕಪ್ಪು ಜಾಗಗಳ ಮೇಲೆ ನಿಂತಿದೆ. ಆದರೆ ಎಲ್ಲ ಕಪ್ಪು ದುಂಡುಗಳೂ ಸೋರಿದ ನೀರಲ್ಲ. ಹಳೆಯ ಗಾಯದ ಕಲೆಯ ಮೇಲೆ ಬೆಳಕುಗ್ರಾಹಿ ಕೋಶಗಳು ಸುರುಳಿಯಾಗಿ, ಹೊಳೆಯುವ ಅಂಚಿರುವ ಸಣ್ಣ ಕೊಳವೆಗಳಾಗುತ್ತವೆ. ಅವುಗಳನ್ನು ದ್ರವವೆಂದು ಓದಿಬಿಟ್ಟರೆ ವ್ಯರ್ಥ ಚುಚ್ಚುಮದ್ದುಗಳ ಸಾಲು ಶುರುವಾಗುತ್ತದೆ.

ಮಧುಮೇಹದಿಂದ ಮ್ಯಾಕ್ಯುಲಾ ಊದಿಕೊಂಡಿದ್ದರೆ, ಮ್ಯಾಕ್ಯುಲಾದಲ್ಲಿ ತೂತು ಬಿದ್ದಿದ್ದರೆ, ಅದರ ಮೇಲೆ ತೆಳುಪೊರೆ ಬೆಳೆದು ಸುಕ್ಕುಗಟ್ಟಿಸಿದ್ದರೆ, ಕಣ್ಣಿನೊಳಗಿನ ಜೆಲ್ಲಿ ಅಕ್ಷಿಪಟಲವನ್ನು ಎಳೆಯುತ್ತಿದ್ದರೆ, ಈ ನಾಲ್ಕರಲ್ಲೂ ಓಸಿಟಿಯ ಮುಂದೆ ಬಣ್ಣದ ಫೋಟೊ ನಿಲ್ಲಲಾರದು. ತೂತಿನ ಅಳತೆ 250 ಮೈಕ್ರಾನ್ ಒಳಗಿದೆಯೋ, 400 ಮೈಕ್ರಾನ್ ದಾಟಿದೆಯೋ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಯೋಜನೆ ಬದಲಾಗುತ್ತದೆ, ಮತ್ತು ಆ ಅಳತೆ ಸಿಗುವುದು ಇಲ್ಲಿಯೇ. ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ಒಮ್ಮೆ ಓಸಿಟಿ ಮಾಡಿಸುವುದನ್ನು ನಾನು ಬಲವಾಗಿ ಬೆಂಬಲಿಸುತ್ತೇನೆ. ಪೊರೆಯ ಮರೆಯಲ್ಲಿ ಅಡಗಿದ್ದ ಮ್ಯಾಕ್ಯುಲಾ ದೋಷ ಆಗಲೇ ತಿಳಿದರೆ, ಶಸ್ತ್ರಚಿಕಿತ್ಸೆಯ ನಂತರ ಎಷ್ಟು ದೃಷ್ಟಿ ಬರಬಹುದೆಂಬ ನಿರೀಕ್ಷೆ ಸರಿಯಾದ ಮಟ್ಟದಲ್ಲಿರುತ್ತದೆ, ಮಸೂರದ ಆಯ್ಕೆಯೂ ವಿವೇಕದಿಂದ ನಡೆಯುತ್ತದೆ.

ಸ್ವೆಪ್ಟ್ ಸೋರ್ಸ್ ಎಂಬ ಇನ್ನೂ ಹೊಸ ಬಗೆ ಸುಮಾರು 1050 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಬಳಸುವುದರಿಂದ ಪೊರೆಯನ್ನು ದಾಟಿ ಹೋಗುವುದರಲ್ಲಿ ಮುಂದು. ಅಕ್ಷಿಪಟಲದ ಹಿಂದಿರುವ, ರಕ್ತನಾಳಗಳು ತುಂಬಿದ ಕೊರಾಯ್ಡ್ ಪದರವನ್ನೂ ಚೆನ್ನಾಗಿ ತೋರಿಸುತ್ತದೆ. ಕೊರಾಯ್ಡ್‌ನ ಕಾಯಿಲೆಯ ಶಂಕೆ ಇದ್ದಾಗ, ಪೊರೆ ದಟ್ಟವಾಗಿದ್ದಾಗ ಅದನ್ನು ಹುಡುಕಿಕೊಂಡು ಹೋಗುವುದು ಸರಿ. ಮ್ಯಾಕ್ಯುಲಾದಲ್ಲಿ ನೀರಿದೆಯೇ ಎಂಬ ದಿನನಿತ್ಯದ ಪ್ರಶ್ನೆಗೆ ಹತ್ತಿರದಲ್ಲಿರುವ ಸ್ಪೆಕ್ಟ್ರಲ್ ಡೊಮೇನ್ ಯಂತ್ರವೇ ಸಾಕು.

ಚಿಕಿತ್ಸೆ ನಡೆಯುತ್ತಿರುವಾಗ ಒಂದೇ ಕಂಪನಿಯ ಯಂತ್ರದಲ್ಲೇ ಮುಂದುವರಿಯುವುದು ಮಾತ್ರ ನಿಜಕ್ಕೂ ಮುಖ್ಯ. ಅಕ್ಷಿಪಟಲದ ಹೊರ ಅಂಚನ್ನು ಒಂದು ಯಂತ್ರ ವರ್ಣಕೋಶಗಳ ಪಟ್ಟಿಯಲ್ಲಿ ಗುರುತಿಸಿದರೆ ಇನ್ನೊಂದು ಅದರ ಕೆಳಗಿನ ಬ್ರೂಕ್ಸ್ ಪೊರೆಯಲ್ಲಿ ಗುರುತಿಸುತ್ತದೆ. ಹಾಗಾಗಿ ಏನೂ ಬದಲಾಗದ ಕಣ್ಣಿನ ದಪ್ಪ ಯಂತ್ರ ಬದಲಾದ ಮಾತ್ರಕ್ಕೆ ಹತ್ತಾರು ಮೈಕ್ರಾನ್ ಹೆಚ್ಚೋ ಕಡಿಮೆಯೋ ಆಗಿ ಬರುತ್ತದೆ, ಮತ್ತು ಅದನ್ನು ಕಂಡು ರೋಗ ಉಲ್ಬಣಿಸಿತೆಂದು ಗಾಬರಿಯಾಗುವವರಿದ್ದಾರೆ. ವರದಿಯಲ್ಲಿ ಬರುವ ಹಸಿರು, ಹಳದಿ, ಕೆಂಪು ಬಣ್ಣಗಳೂ ತೀರ್ಪಲ್ಲ. ಯಂತ್ರದೊಳಗೆ ತುಂಬಿಸಿಟ್ಟ ಆರೋಗ್ಯವಂತರ ಅಳತೆಗಳೊಂದಿಗೆ ಮಾಡಿದ ಹೋಲಿಕೆ ಮಾತ್ರ. ತುಂಬಾ ವಯಸ್ಸಾದವರು, ದೊಡ್ಡ ಮೈನಸ್ ಪವರ್ ಇರುವವರು ಆ ಗುಂಪಿಗೆ ಸರಿಹೊಂದದೆ ವಿನಾಕಾರಣ ಕೆಂಪಿಗೆ ಬೀಳಬಹುದು. ಬಣ್ಣದ ನಕ್ಷೆಯನ್ನು ನೋಡಿ ಮುಗಿಸದೆ ಒಂದೊಂದು ಅಡ್ಡಸೀಳಿಕೆಯನ್ನೂ ತಿರುವಿ ನೋಡುವ ವೈದ್ಯರ ಬಳಿ ಹೋಗುವುದು, ದುಬಾರಿ ಯಂತ್ರವಿರುವ ಕಡೆ ಹೋಗುವುದಕ್ಕಿಂತ ಹೆಚ್ಚಿನ ಲಾಭ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡುವಿನ ಒಂದೇ ಗೆರೆಯ ಚಿತ್ರ ಸಾಲದು, ಮ್ಯಾಕ್ಯುಲಾ ಪೂರ್ತಿಯನ್ನು ಆವರಿಸುವ ಸ್ಕ್ಯಾನ್ ಬೇಕು ಎಂದು ಕೇಳಿ ಪಡೆಯಬಹುದು; ನೀರು ನಡುವಿನಿಂದ ಸ್ವಲ್ಪ ಪಕ್ಕದಲ್ಲಿದ್ದರೆ ಒಂಟಿ ಗೆರೆಗೆ ಅದು ಸಿಗುವುದೇ ಇಲ್ಲ.

ಬಣ್ಣದ್ರವ್ಯದ ಆಂಜಿಯೋಗ್ರಫಿಯೋ, ಓಸಿಟಿ ಆಂಜಿಯೋಗ್ರಫಿಯೋ?

ಮನೆಯವರಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಆಯ್ಕೆ ಇದು. 1961ರಿಂದ ಬಳಕೆಯಲ್ಲಿರುವ ಹಳೆಯ ವಿಧಾನದಲ್ಲಿ ತೋಳಿನ ನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣದ್ರವ್ಯ ಚುಚ್ಚಿ, ಅದು ಅಕ್ಷಿಪಟಲದ ನಾಳಗಳಲ್ಲಿ ಹರಿಯುವುದನ್ನು ಹತ್ತು ನಿಮಿಷಗಳವರೆಗೆ ಚಿತ್ರಿಸುತ್ತಾರೆ. ಚರ್ಮ ಕೆಲವು ಗಂಟೆಗಳ ಕಾಲ, ಮೂತ್ರ ಒಂದು ದಿನ ಅಥವಾ ಇನ್ನೂ ಸ್ವಲ್ಪ ಹೆಚ್ಚು ಕಾಲ ಹಳದಿಯಾಗಿರುತ್ತವೆ, ಕೆಲವರಿಗೆ ವಾಕರಿಕೆ ಬರುತ್ತದೆ, ಬಹಳ ಅಪರೂಪಕ್ಕೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಆಗಬಹುದು. ಓಸಿಟಿ ಆಂಜಿಯೋಗ್ರಫಿಯಲ್ಲಿ ಚುಚ್ಚುವ ಮಾತೇ ಇಲ್ಲ. ಒಂದೇ ಜಾಗವನ್ನು ಕ್ಷಣಮಾತ್ರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಎರಡು ಸ್ಕ್ಯಾನ್‌ಗಳ ನಡುವೆ ಬದಲಾದದ್ದನ್ನು ಹುಡುಕುತ್ತದೆ. ಅಲ್ಲಾಡದ ಅಂಗಾಂಶ ಹಾಗೆಯೇ ಇರುತ್ತದೆ, ಚಲಿಸುವ ರಕ್ತಕಣಗಳಿರುವ ಜಾಗವಷ್ಟೇ ಬದಲಾಗುತ್ತದೆ. ಆ ಬದಲಾವಣೆಯನ್ನೇ ಯಂತ್ರ ನಾಳಗಳ ನಕ್ಷೆಯಾಗಿ ಬಿಡಿಸುತ್ತದೆ.

ಹಾಗಾದರೆ ಹಳೆಯದನ್ನು ಬಿಟ್ಟೇಬಿಡಬಹುದೇ? ಇಲ್ಲ, ಏಕೆಂದರೆ ಇವೆರಡೂ ತೋರಿಸುವುದು ಒಂದೇ ಸಂಗತಿಯನ್ನಲ್ಲ. ಬಣ್ಣದ್ರವ್ಯ ನಾಳದಿಂದ ಸೋರುವುದನ್ನು ತೋರಿಸುತ್ತದೆ, ಓಸಿಟಿ ಆಂಜಿಯೋಗ್ರಫಿ ಹರಿವನ್ನು ಮಾತ್ರ ತೋರಿಸುತ್ತದೆ. ರಕ್ತ ತೀರಾ ನಿಧಾನವಾಗಿ ಹರಿಯುವ ನಾಳ ಇದರ ಕಣ್ಣಿಗೆ ಬೀಳದೆ ಹೋಗಬಹುದು. ನೋಟದ ಅಗಲವೂ ಕಡಿಮೆ. ಸಾಮಾನ್ಯವಾಗಿ 3ರಿಂದ 12 ಮಿಲಿಮೀಟರ್ ಬದಿಯ ಚೌಕ. ಕೊರಾಯ್ಡ್‌ನ ನಾಳಗಳಲ್ಲಿ ಗುಳ್ಳೆಯಂಥ ಉಬ್ಬುಗಳಾಗುವ, ಏಷ್ಯಾ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಪಾಲಿಪಾಯ್ಡಲ್ ಕಾಯಿಲೆಯಲ್ಲಿ ಆ ಉಬ್ಬುಗಳನ್ನು ಖಚಿತಪಡಿಸಲು ಇಂಡೊಸಯನೀನ್ ಗ್ರೀನ್ ಎಂಬ ಇನ್ನೊಂದು ಬಣ್ಣದ್ರವ್ಯದ ಪರೀಕ್ಷೆಯೇ ಇಂದಿಗೂ ಮಾನದಂಡ.

ಕೂತವರ ದೃಷ್ಟಿ ಒಂದೆಡೆ ನಿಲ್ಲದಿದ್ದರೆ ಓಸಿಟಿ ಆಂಜಿಯೋಗ್ರಫಿಯ ಚಿತ್ರ ತುಂಡು ತುಂಡಾಗುತ್ತದೆ, ನಾಳಗಳು ಜೋಡಿಯಾಗಿ ಕಾಣುತ್ತವೆ. ಮ್ಯಾಕ್ಯುಲಾ ಹಾಳಾದವರಿಗೆ ದಿಟ್ಟಿಸಲು ಕೊಟ್ಟ ಚುಕ್ಕೆಯೇ ಕಾಣದಿರುವುದರಿಂದ ಈ ತೊಂದರೆ ಅವರಿಗೇ ಜಾಸ್ತಿ. ಮೇಲಿನ ನಾಳಗಳ ನೆರಳು ಕೆಳಗಿನ ಪದರದಲ್ಲಿ ಬಿದ್ದು, ಅಲ್ಲಿಲ್ಲದ ನಾಳ ಇರುವಂತೆ ತೋರುವುದೂ ಉಂಟು. ಆದ್ದರಿಂದ ನಾನು ಸೂಚಿಸುವ ಕ್ರಮ ಇದು: ಮೊದಲ ಸಲ ರೋಗನಿರ್ಣಯ ಮಾಡುವಾಗ ಓಸಿಟಿಯಲ್ಲಿ ನೀರು ಕಂಡು ಅದರ ಮೂಲ ಓಸಿಟಿ ಆಂಜಿಯೋಗ್ರಫಿಯಲ್ಲೂ ಸ್ಪಷ್ಟವಾಗದಿದ್ದರೆ, ಅಥವಾ ಚಿಕಿತ್ಸೆಗೆ ಕಣ್ಣು ನಿರೀಕ್ಷೆಯಂತೆ ಸ್ಪಂದಿಸದಿದ್ದರೆ ಬಣ್ಣದ್ರವ್ಯದ ಪರೀಕ್ಷೆಗೆ ಒಪ್ಪಿಕೊಳ್ಳಿ; ಮೂಲ ಸ್ಪಷ್ಟವಾದ ಮೇಲೆ ಪ್ರತಿ ಭೇಟಿಯ ನಿಗಾಕ್ಕೆ ಚುಚ್ಚದ ವಿಧಾನವನ್ನೇ ಕೇಳಿ. ಹಿಂದೆ ಬಣ್ಣದ್ರವ್ಯದಿಂದ ತೀವ್ರ ಅಲರ್ಜಿ ಆಗಿದ್ದವರಿಗೆ, ತೋಳಿನಲ್ಲಿ ನಾಳವೇ ಸಿಗದಷ್ಟು ಕೃಶರಾದವರಿಗೆ ಮೊದಲಿನಿಂದಲೂ ಚುಚ್ಚದ ವಿಧಾನದಿಂದ ಎಷ್ಟು ಸಾಧ್ಯವೋ ಅಷ್ಟನ್ನು ತಿಳಿದುಕೊಳ್ಳುವುದು ಮೇಲು. ಇನ್ನೊಂದು ಸೂಕ್ಷ್ಮವಿದೆ. ಯಾವ ಲಕ್ಷಣವೂ ಇಲ್ಲದ, ನೀರೂ ಸೋರದ ಕಣ್ಣಿನಲ್ಲಿ ಹೊಸ ನಾಳಗಳ ಜಾಲವೊಂದು ಓಸಿಟಿ ಆಂಜಿಯೋಗ್ರಫಿಯಲ್ಲಿ ಬೆಳಕಿಗೆ ಬರಬಹುದು. ಕಂಡ ಕೂಡಲೇ ಚುಚ್ಚುಮದ್ದು ಶುರುಮಾಡುವುದು ರೂಢಿಯಲ್ಲ. ಭೇಟಿಗಳ ನಡುವಿನ ಅಂತರವನ್ನು ಕಡಿಮೆ ಮಾಡಿ, ನೀರು ಕಾಣಿಸಿಕೊಳ್ಳುತ್ತದೆಯೇ ಎಂದು ಓಸಿಟಿಯಲ್ಲಿ ಕಾಯುತ್ತಾರೆ.

ಒಣ ಬಗೆಯ ಸವೆತಕ್ಕೆ ಆಟೊಫ್ಲೋರೆಸೆನ್ಸ್

ಅಕ್ಷಿಪಟಲದ ವರ್ಣಕೋಶಗಳಲ್ಲಿ ವಯಸ್ಸಿನೊಂದಿಗೆ ಲೈಪೊಫಸ್ಸಿನ್ ಎಂಬ ಕಶ್ಮಲ ಸೇರುತ್ತದೆ. ನೀಲಿ ಅಥವಾ ಹಸಿರು ಬೆಳಕು ಬಿದ್ದಾಗ ಅದು ತಾನಾಗಿಯೇ ಹೊಳೆಯುತ್ತದೆ, ಆ ಹೊಳಪನ್ನು ಹಿಡಿಯುವುದೇ ಆಟೊಫ್ಲೋರೆಸೆನ್ಸ್ ಚಿತ್ರ. ಕೋಶಗಳು ಸತ್ತ ಜಾಗ ಕಡುಕಪ್ಪಾಗಿ, ಚೂಪಾದ ಅಂಚಿನೊಂದಿಗೆ ಕಾಣುವುದರಿಂದ, ಜಿಯಾಗ್ರಫಿಕ್ ಅಟ್ರೊಫಿ ಎಂದು ಕರೆಯುವ ಒಣ ಸವೆತದ ಮುಂದುವರಿದ ಹಂತವನ್ನು ಚದರ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಲು ಇದು ಅತ್ಯುತ್ತಮ. ಕಪ್ಪು ಜಾಗದ ಸುತ್ತ ಹೊಳೆಯುವ ಅಂಚು ಹರಡಿಕೊಂಡಿದ್ದರೆ ಸವೆತ ವೇಗವಾಗಿ ಬೆಳೆಯುವ ಸಾಧ್ಯತೆ ಹೆಚ್ಚು. ಈ ಹಂತದ ರೋಗವನ್ನು ನಿಧಾನಗೊಳಿಸುವ ಎರಡು ಔಷಧಗಳಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕ ಮೇಲೆ ಈ ಅಳತೆಗೆ ಮೊದಲಿಲ್ಲದ ತೂಕ ಬಂದಿದೆ. ಆ ಔಷಧಗಳು ಕಳೆದುಹೋದ ದೃಷ್ಟಿಯನ್ನು ಮರಳಿಸುವುದಿಲ್ಲ. ಬೆಳವಣಿಗೆಯನ್ನು ತಗ್ಗಿಸುತ್ತವೆ ಅಷ್ಟೇ. ಹಾಗಾಗಿ ಬೆಳೆಯುತ್ತಿರುವ ವೇಗ ಗೊತ್ತಿಲ್ಲದೆ ಲಾಭ ನಷ್ಟದ ಲೆಕ್ಕ ಹಾಕುವುದು ಕಷ್ಟ.

ಮ್ಯಾಕ್ಯುಲಾದ ಹಳದಿ ವರ್ಣಕವೂ ನೀಲಿ ಬೆಳಕನ್ನು ಹೀರುವುದರಿಂದ ನಟ್ಟನಡುವಿನ ಭಾಗ ಆರೋಗ್ಯವಾಗಿದ್ದರೂ ಕಪ್ಪಾಗಿ ಕಾಣುತ್ತದೆ. ಸವೆತ ನಡುವನ್ನು ಮುಟ್ಟಿದೆಯೇ ಎಂದು ತಿಳಿಯಲು ಜೊತೆಗೆ ಓಸಿಟಿ ಬೇಕೇ ಬೇಕು. ಸಂಧಿವಾತಕ್ಕೆ ವರ್ಷಗಟ್ಟಲೆ, ಅಕ್ಷಿಪಟಲಕ್ಕೆ ಹಾನಿ ಮಾಡಬಲ್ಲ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಸೇವಿಸುವ ಹಿರಿಯರ ತಪಾಸಣೆಯಲ್ಲೂ ಹೀಗೆಯೇ. ಓಸಿಟಿ ಮತ್ತು ದೃಷ್ಟಿಕ್ಷೇತ್ರದ ಪರೀಕ್ಷೆ ಮುಖ್ಯ, ಆಟೊಫ್ಲೋರೆಸೆನ್ಸ್ ಅವುಗಳ ಜೊತೆಗಾರ. ಮಾತ್ರೆ ಶುರುವಾದ ಮೊದಲ ವರ್ಷದೊಳಗೆ ಒಮ್ಮೆ, ಬೇರೆ ಅಪಾಯದ ಅಂಶಗಳಿಲ್ಲದವರಲ್ಲಿ ಐದು ವರ್ಷಗಳ ನಂತರ ಪ್ರತಿ ವರ್ಷ ಈ ತಪಾಸಣೆ ನಡೆಯಬೇಕು.

ಕಣ್ಣಿನೊಳಗೆ ಬೆಳಕೇ ಹೋಗದಿದ್ದಾಗ

ಪೊರೆ ಪೂರ್ತಿ ಬಲಿತಿದ್ದರೆ ಅಥವಾ ಕಣ್ಣಿನೊಳಗೆ ರಕ್ತ ತುಂಬಿದ್ದರೆ ಮೇಲಿನ ಯಾವ ಪರೀಕ್ಷೆಯೂ ಕೆಲಸಕ್ಕೆ ಬಾರದು. ಆಗ ಬಿ-ಸ್ಕ್ಯಾನ್ ಅಲ್ಟ್ರಾಸೌಂಡ್ ಒಂದೇ ದಾರಿ. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಮಾಡುವ ಈ ಪರೀಕ್ಷೆ ಅಕ್ಷಿಪಟಲ ಕಳಚಿದೆಯೇ, ಒಳಗೆ ಗಡ್ಡೆಯಿದೆಯೇ ಎಂದು ಹೇಳಬಲ್ಲದು. ಮ್ಯಾಕ್ಯುಲಾದ ಸೂಕ್ಷ್ಮ ದೋಷಗಳನ್ನು ಹೇಳಲಾರದು.

ಯಂತ್ರದ ಮುಂದೆ ಕೂರುವ ಹಿರಿಯರು

ಹಿರಿಯರ ಚಿತ್ರ ಕೆಡುವುದಕ್ಕೆ ಕಾರಣ ಬಹಳ ಸಲ ರೋಗವೂ ಅಲ್ಲ, ಯಂತ್ರವೂ ಅಲ್ಲ. ಬೆನ್ನು ಬಾಗಿದವರ ಗದ್ದ ಆಸರೆಗೆ ಮುಟ್ಟಿದರೂ ಹಣೆ ಪಟ್ಟಿಯಿಂದ ಹಿಂದೆ ಉಳಿಯುತ್ತದೆ. ಕುರ್ಚಿಯನ್ನು ಎತ್ತರಿಸುವ ಬದಲು ಮೇಜನ್ನು ತಗ್ಗಿಸಿ, ಸೊಂಟದಿಂದ ಮುಂದಕ್ಕೆ ಬಾಗಿಸಿದರೆ ಹಣೆ ತಾನಾಗಿ ಪಟ್ಟಿಗೆ ತಾಗುತ್ತದೆ. ಕಣ್ಣು ಒಣಗಿದವರಿಗೆ ಪರೀಕ್ಷೆಗೆ ಮುಂಚೆ ಒಂದು ಹನಿ ಕೃತಕ ಕಣ್ಣೀರು ಹಾಕಿ, ಸೆರೆಹಿಡಿಯುವ ಕ್ಷಣಕ್ಕೆ ಸ್ವಲ್ಪ ಮೊದಲು ರೆಪ್ಪೆ ಮಿಟುಕಿಸಲು ಹೇಳಿದರೆ ಮಸುಕು ಚಿತ್ರ ಸ್ಪಷ್ಟವಾಗುತ್ತದೆ. ಕಿವಿ ಮಂದವಿರುವವರಿಗೆ ಕತ್ತಲ ಕೋಣೆಗೆ ಹೋಗುವ ಮೊದಲೇ ಎಲ್ಲವನ್ನೂ ವಿವರಿಸಬೇಕು, ಏಕೆಂದರೆ ಒಳಗೆ ಹೋದ ಮೇಲೆ ತುಟಿಯ ಚಲನೆ ಅವರಿಗೆ ಕಾಣುವುದಿಲ್ಲ. ಓಸಿಟಿಗೆ ಬಹುತೇಕ ಸಲ ಪಾಪೆ ಹಿಗ್ಗಿಸುವ ಹನಿ ಬೇಕಿಲ್ಲ. ಹಾಕಿದರೆ ಕೆಲವು ಗಂಟೆ ಓದಲು ಮಂಜಾಗುತ್ತದೆ, ವಾಹನ ನಡೆಸಬಾರದು, ಕಣ್ಣಿನ ಮುಂಭಾಗದ ಕೋನ ಇಕ್ಕಟ್ಟಾಗಿರುವವರಲ್ಲಿ ಒತ್ತಡ ಹಠಾತ್ತನೆ ಏರುವ ಅಪಾಯವಿರುವುದರಿಂದ ಮೊದಲೇ ಅದನ್ನು ಪರೀಕ್ಷಿಸಿರಬೇಕು. ವರದಿಯಲ್ಲಿ ಸಿಗ್ನಲ್ ಬಲ ಎಷ್ಟೆಂದು ಬರೆದಿರುತ್ತದೆ. ಅದು ಕಡಿಮೆಯಿದ್ದರೆ ಅಳತೆಗಳನ್ನು ನಂಬುವ ಮೊದಲು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಿ. ತೊಂದರೆ ಒಂದೇ ಕಣ್ಣಿನಲ್ಲಿದ್ದರೂ ಎರಡನ್ನೂ ಚಿತ್ರಿಸಿಕೊಳ್ಳಬೇಕು, ಏಕೆಂದರೆ ಒಂದು ಕಣ್ಣಿನಲ್ಲಿ ನೀರು ಸೋರುವ ಸವೆತ ಬಂದವರಿಗೆ ಇನ್ನೊಂದು ಕಣ್ಣಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಮ್ಯಾಕ್ಯುಲಾದಿಂದ ನೀರು ಸೋರುವವರು ಮನೆಯಲ್ಲೇ ಬಳಸಬಹುದಾದ ಓಸಿಟಿ ಯಂತ್ರವೊಂದಕ್ಕೆ 2024ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿದೆ. ಅದು ಈಗಾಗಲೇ ಪತ್ತೆಯಾದ ರೋಗದ ಮೇಲೆ ಭೇಟಿಗಳ ನಡುವೆ ಕಣ್ಣಿಡುವುದಕ್ಕೇ ಹೊರತು ಹೊಸದಾಗಿ ರೋಗ ಪತ್ತೆ ಮಾಡುವುದಕ್ಕಲ್ಲ. ಮಧ್ಯಮ ಹಂತದ ಸವೆತವಿರುವವರು ಚೌಕುಳಿಯ ಆಮ್ಸ್ಲರ್ ಹಾಳೆಯನ್ನು ಒಂದೊಂದೇ ಕಣ್ಣಿನಿಂದ ನೋಡಿಕೊಳ್ಳುವ ಅಭ್ಯಾಸವನ್ನು ಬಿಡಬಾರದು. ಗೆರೆಗಳು ಹೊಸದಾಗಿ ಬಾಗಿದ್ದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಕೆಲವೇ ದಿನಗಳೊಳಗೆ ಓಸಿಟಿ ಆಗಬೇಕು. ಒಂದು ಕಣ್ಣಿನ ದೃಷ್ಟಿ ನೋವಿಲ್ಲದೆ ಒಮ್ಮೆಲೇ ಆರಿಹೋದರೆ ಮಾತ್ರ ಚಿತ್ರಪರೀಕ್ಷೆಯ ಸರದಿಗಾಗಿ ಕೂರಲೇಬಾರದು. ಅಕ್ಷಿಪಟಲದ ಅಪಧಮನಿ ಕಟ್ಟಿಕೊಂಡಿದ್ದರೆ ಅದು ಮೆದುಳಿನ ಪಾರ್ಶ್ವವಾಯುವಿಗೆ ಸಮಾನವಾದ ತುರ್ತು, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಎಲ್ಲ ಚಿತ್ರಗಳೂ ಸರಿಯಾಗಿವೆ, ಆದರೆ ಹಿರಿಯರು ಮಾತ್ರ ಕಾಣುತ್ತಿಲ್ಲ ಎನ್ನುತ್ತಲೇ ಇದ್ದಾರೆ ಎಂಬ ಸಂದರ್ಭಗಳೂ ಬರುತ್ತವೆ. ಆಗ ಅವರ ಮಾತನ್ನೇ ನಂಬಿ, ಕನ್ನಡಕದ ನಂಬರು, ದೃಷ್ಟಿನರ, ದೃಷ್ಟಿಕ್ಷೇತ್ರ, ಕೊನೆಗೆ ಮೆದುಳಿನವರೆಗೂ ಕಾರಣವನ್ನು ಹುಡುಕಿಕೊಂಡು ಹೋಗುವಂತೆ ವೈದ್ಯರನ್ನು ಕೇಳಿ.